ಕ್ಯಾಸೆಟ್ ಸಿಕ್ಕಿಕೊಂಡರೆ ದಯವಿಟ್ಟು ಎಳೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಕ್ಯಾಸೆಟ್‌ಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಅಟ್ಟದ ಮೇಲಿನ ಡಬ್ಬ ಇಳಿಸಿ, ಧೂಳು ಒರೆಸಿ, ಮನೆಯಲ್ಲಿ ಹಳೆ ಕಾರು ಇನ್ನೂ ಇದ್ದರೆ ಅದರ ಸ್ಟೀರಿಯೋಗೆ ಹಾಕಿ ಕೇಳಿ ಅಂತ ಬರೆದಿದ್ದರು. ಅಲ್ಲಿವರೆಗೆ ಸರಿ. ಕೊನೆಗೆ ಒಂದು ಬಾಕ್ಸ್ ಮಾಡಿ ಸಲಹೆ ಕೊಟ್ಟಿದ್ದರು ನೋಡಿ, ಅದರಲ್ಲಿ 'ಕ್ಯಾಸೆಟ್ ಒಳಗೆ ಸಿಕ್ಕಿಕೊಂಡರೆ ಎಜೆಕ್ಟ್ ಬಟನ್ ಒತ್ತಿ ಹಿಡಿದು ನಿಧಾನಕ್ಕೆ ಎಳೆಯಿರಿ' ಅಂತ ಒಂದು ಸಾಲು. ಆ ಒಂದು ಸಾಲಿಗಾಗಿ ಈ ಕಾಗದ. ಲೇಖನ ಬಂದ ಹದಿನೈದು ದಿನದೊಳಗೆ ನನ್ನ ಅಂಗಡಿಗೆ ಮೂರು ಕಾರು ಬಂದವು. ಮೂವರೂ ಎಳೆದಿದ್ದರು. ಮೂವರ ಟೇಪೂ ತುಂಡಾಗಿತ್ತು.

ನಾನು ತಿಪಟೂರಿನಲ್ಲಿ ಆಟೋ ಎಲೆಕ್ಟ್ರಿಷಿಯನ್. 1986ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಕೆಲಸ ಕಲಿಯಲು ಸೇರಿದಾಗ ಇನ್ನೂ ಮೀಸೆ ಮೂಡಿರಲಿಲ್ಲ. ಆಗ ನಮಗೆ ಬರುತ್ತಿದ್ದ ಕೆಲಸದಲ್ಲಿ ಅರ್ಧಕ್ಕರ್ಧ ಕಾರಿಗೆ ಸೆಟ್ ಕೂರಿಸುವುದು. ಅಂಬಾಸಡರ್‌ಗೆ ಡ್ಯಾಶ್‌ಬೋರ್ಡಿನ ಕೆಳಗೆ ಪಟ್ಟಿ ಹೊಡೆದು ತೂಗುಹಾಕುತ್ತಿದ್ದೆವು, ಮಾರುತಿ 800 ಆದರೆ ನೆಟ್ಟಗೆ ತೂತಿನೊಳಗೆ ತಳ್ಳಿದರೆ ಆಯಿತು. ಆ ತೂತಿನ ಅಳತೆ ಜಗತ್ತಿಗೆಲ್ಲ ಒಂದೇ, 180 ಮಿಲಿಮೀಟರ್ ಅಗಲ, 50 ಎತ್ತರ. ಸಿಂಗಲ್ ಡಿನ್ ಅನ್ನುತ್ತೇವೆ. ಆಮೇಲೆ ಊರಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಕೊಬ್ಬರಿ ಮಂಡಿಯ ಸಾಹುಕಾರರ ಕಾರುಗಳಿಗೆಲ್ಲ ಸೆಟ್ ಹಾಕಿದವನು ನಾನೇ. ಆಗ ಸೆಟ್ ಕಳ್ಳತನ ಜಾಸ್ತಿ, ಅದಕ್ಕೆ ಹಿಡಿ ಇರೋ ಸೆಟ್ ಬಂದವು, ಎಳೆದರೆ ಪೂರ್ತಿ ಹೊರಗೆ ಬರೋದು. ಸಾಹುಕಾರರು ಮದುವೆ ಮನೆಗೆ ಒಂದು ಕೈಲಿ ಮುಯ್ಯಿ ಕವರು, ಇನ್ನೊಂದು ಕೈಲಿ ಸ್ಟೀರಿಯೋ ಹಿಡಿದುಕೊಂಡು ಹೋಗುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಹೆಂಡತಿ ಹಿಂದೆ ಬರುತ್ತಿದ್ದರು.

ಇದನ್ನೆಲ್ಲ ಹೇಳಿದ್ದು ದೊಡ್ಡಸ್ತಿಕೆಗಲ್ಲ. ಕಾರಿನ ಕ್ಯಾಸೆಟ್ ಸೆಟ್ಟಿನ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಗೊತ್ತು, ನಿಮ್ಮ ಲೇಖಕರಿಗೆ ಗೊತ್ತಿದ್ದಂತೆ ಕಾಣಲಿಲ್ಲ, ಅಷ್ಟೇ.

ಕ್ಯಾಸೆಟ್ ಅಂದರೆ ಏನು ಮಹಾ, ಎರಡು ಚಕ್ರ, ನಡುವೆ ಒಂದು ಪಟ್ಟಿ. ಫಿಲಿಪ್ಸ್ ಕಂಪನಿಯವರು 1963ರಲ್ಲಿ ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ಮೊದಲು ತೋರಿಸಿದ್ದು. ಅದನ್ನು ಮಾಡಿದ ತಂಡದ ಮುಖ್ಯಸ್ಥ ಲೂ ಓಟನ್ಸ್ ಅನ್ನುವ ಇಂಜಿನಿಯರು 2021ರಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಪಟ್ಟಿಯ ಅಗಲ 3.81 ಮಿಲಿಮೀಟರ್, ನಾಲ್ಕು ಕೂಡ ಇಲ್ಲ. ದಪ್ಪ ಹೇಳಬೇಕೆಂದರೆ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 18 ಮೈಕ್ರಾನ್ (ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್), ತೊಂಬತ್ತು ನಿಮಿಷದ್ದರಲ್ಲಿ 12, ನೂರಿಪ್ಪತ್ತರದ್ದು ಇನ್ನೂ ತೆಳು, 9. ನಮ್ಮ ತಲೆಕೂದಲು ಇದರ ಮುಂದೆ ಹಗ್ಗ. ಈ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅರ್ಧ ಗಂಟೆಯ ಒಂದು ಸೈಡಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 86 ಮೀಟರ್. ಅಷ್ಟು ಉದ್ದದ, ಅಷ್ಟು ತೆಳುವಿನ ಪಟ್ಟಿಯನ್ನು ಗುಂಡಿ ಬಿದ್ದ ರಸ್ತೆಯಲ್ಲಿ ಕುಣಿಯುವ ಕಾರಿನೊಳಗೆ, ಮೇ ತಿಂಗಳ ಬಿಸಿಲಲ್ಲಿ, ಒಂದೇ ಸಮನಾಗಿ ಓಡಿಸಬೇಕು. ಯೋಚನೆ ಮಾಡಿದರೆ ಅದು ಕೆಲಸ ಮಾಡುತ್ತಿದ್ದುದೇ ಆಶ್ಚರ್ಯ.

ಜನ ತಿಳಿದುಕೊಂಡಿರೋದು ಏನು ಅಂದರೆ, ಆ ಎರಡು ಚಕ್ರ ತಿರುಗಿ ಟೇಪನ್ನು ಎಳೆಯುತ್ತವೆ ಅಂತ. ಅಲ್ಲ. ಎಳೆಯುವುದು ಒಂದು ಸಣ್ಣ ಉಕ್ಕಿನ ಪಿನ್ನು, ಕ್ಯಾಪ್‌ಸ್ಟನ್ ಅಂತ ಅದರ ಹೆಸರು. ಅದಕ್ಕೆ ಒತ್ತಿಕೊಂಡು ಒಂದು ರಬ್ಬರ್ ರೋಲರ್ ಇರುತ್ತದೆ. ಕಬ್ಬಿನ ಗಾಣದ ಹಾಗೆ ಇವೆರಡರ ನಡುವೆ ಟೇಪು ಸಿಕ್ಕಿ ಮುಂದೆ ಹೋಗುತ್ತದೆ. ಹೀಗೆ ಹೊರಗೆ ಬಂದ ಟೇಪನ್ನು ಸುಮ್ನೆ ಸುತ್ತಿಕೊಳ್ಳುವುದಷ್ಟೇ ಚಕ್ರದ ಕೆಲಸ. ಈಗ ಆ ಚಕ್ರ ತಿರುಗಿಸುವ ಬೆಲ್ಟು ಸಡಿಲವಾಗಿದೆ ಅಂದುಕೊಳ್ಳಿ. ಇಪ್ಪತ್ತೈದು ವರ್ಷದ ಬೆಲ್ಟು, ಕೆಲವದರಲ್ಲಿ ಕರಗಿ ಟಾರಿನ ಹಾಗೆ ಆಗಿರುತ್ತದೆ, ಮುಟ್ಟಿದರೆ ಎರಡು ದಿನ ಕೈಯಿಂದ ಹೋಗಲ್ಲ. ಪಿನ್ನು ಟೇಪನ್ನು ತಳ್ಳುತ್ತಲೇ ಇರುತ್ತದೆ, ಸುತ್ತಿಕೊಳ್ಳುವವರಿಲ್ಲ. ಟೇಪು ಎಲ್ಲಿಗೆ ಹೋಗಬೇಕು? ರೋಲರಿಗೇ ಅಂಟಿಕೊಂಡು ಅದರ ಸುತ್ತಲೇ ಸುತ್ತುತ್ತದೆ. ಇದಕ್ಕೇ ನಾವು 'ಸೆಟ್ಟು ರೀಲು ತಿಂತು' ಅನ್ನೋದು. ಈ ಸ್ಥಿತಿಯಲ್ಲಿ ನೀವು ಕ್ಯಾಸೆಟ್ ಹಿಡಿದು ಎಳೆದರೆ ಕ್ಯಾಸೆಟ್ಟು ಕೈಗೆ ಬರುತ್ತದೆ, ಟೇಪು ಗಾಣದಲ್ಲೇ ಇರುತ್ತದೆ. ಮೆಲ್ಲಗೆ ಎಳೆದರೂ ಅಷ್ಟೇ, ಜೋರಾಗಿ ಎಳೆದರೂ ಅಷ್ಟೇ. ಮೊದಲು ದಾರದ ಹಾಗೆ ಹಿಗ್ಗುತ್ತದೆ, ಆಮೇಲೆ ತುಂಡಾಗುತ್ತದೆ. ತುಂಡಾದದ್ದನ್ನು ಜೋಡಿಸಬಹುದು. ಹಿಗ್ಗಿದ್ದನ್ನು ಆ ದೇವರೂ ಸರಿ ಮಾಡಲಾರ.

ಹಾಗಾದರೆ ಏನು ಮಾಡಬೇಕು ಅಂತ ಕೇಳ್ತೀರಿ. ಹಾಡು ಎಳೆದ ಹಾಗೆ, ಕುಡಿದವರು ಹಾಡಿದ ಹಾಗೆ ಕೇಳಿಸಿದ ಕೂಡಲೇ ಎಜೆಕ್ಟ್ ಒತ್ತಿ. ಒಂದೇ ಸಲ. ಬಂದರೆ ನಿಮ್ಮ ಪುಣ್ಯ. ಕ್ಯಾಸೆಟ್ ಬಂತು ಆದರೆ ಹಿಂದೆ ಟೇಪಿನ ಕುಣಿಕೆ ಒಳಗೇ ಇದೆ ಅಂದರೆ ಅಲ್ಲಿಗೇ ನಿಲ್ಲಿಸಿ, ಕ್ಯಾಸೆಟ್ಟನ್ನು ಅದೇ ಜಾಗದಲ್ಲಿ ಬಿಡಿ, ಸೆಟ್ ಆಫ್ ಮಾಡಿ. ಮತ್ತೆ ಮತ್ತೆ ಬಟನ್ ಒತ್ತಬೇಡಿ, ಒತ್ತಿದ ಪ್ರತಿ ಸಲ ಮೋಟರು ತಿರುಗಿ ಇನ್ನೆರಡು ಸುತ್ತು ಸುತ್ತುತ್ತದೆ. ಆಮೇಲೆ ಸೆಟ್ ಬಿಚ್ಚುವವರ ಹತ್ತಿರ ಕಾರು ತನ್ನಿ. ಎರಡು ಬದಿಗೆ ತಂತಿಯ ಕೀ ಹಾಕಿದರೆ ಸೆಟ್ ಹೊರಗೆ ಜಾರುತ್ತದೆ. ಮೇಲಿನ ತಗಡು ತೆಗೆದರೆ ಒಳಗಿನ ಗಾಲಿ ಕಾಣುತ್ತದೆ. ಅದನ್ನು ಬೆರಳಿಂದ ಉಲ್ಟಾ ತಿರುಗಿಸುತ್ತಾ ಹೋದರೆ ನುಂಗಿದ್ದನ್ನೆಲ್ಲ ಸೆಟ್ಟು ತಾನಾಗೇ ಕಕ್ಕುತ್ತದೆ. ಹತ್ತು ನಿಮಿಷದ ಕೆಲಸ. ಟೇಪು ಸ್ವಲ್ಪ ಸುಕ್ಕಾಗಿರುತ್ತದೆ, ಆ ಜಾಗದಲ್ಲಿ ಹಾಡು ಒಂದು ಸಲ ಗೊರಗೊರ ಅನ್ನುತ್ತದೆ, ಮುಂದೆ ಸರಿಹೋಗುತ್ತದೆ.

ಇದು ಸಿಕ್ಕಿಕೊಂಡ ಮೇಲಿನ ಮಾತು. ಸಿಕ್ಕಿಕೊಳ್ಳದ ಹಾಗೆ ನಡೆಸುವುದು ಹೇಗೆ ಅಂತ ಒಂದು ಕಾಲದಲ್ಲಿ ಟ್ಯಾಕ್ಸಿ ಡ್ರೈವರುಗಳಿಗೆಲ್ಲ ಗೊತ್ತಿತ್ತು. ಈಗಿನ ಹುಡುಗರಿಗೆ ಹೇಳಿಕೊಟ್ಟವರೇ ಇಲ್ಲ, ಅವರ ತಪ್ಪಲ್ಲ.

ಕ್ಯಾಸೆಟ್ ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಟೇಪು ಸಡಿಲ ಇದ್ದರೆ ಪೆನ್ಸಿಲ್ಲನ್ನು ತೂತಿಗೆ ಹಾಕಿ ಬಿಗಿ ಮಾಡಿ. ಚಕ್ರದ ತೂತಿಗೆ ಆರು ಹಲ್ಲು, ಪೆನ್ಸಿಲ್ಲಿಗೆ ಆರು ಮೂಲೆ, ಕಚ್ಚಿಕೊಳ್ಳುತ್ತದೆ. ಮೇಲಿನ ಕಾಗದದ ಚೀಟಿ ಎಲ್ಲಾದರೂ ಎದ್ದಿದೆಯಾ ನೋಡಿ. ಇದು ತುಂಬಾ ಮುಖ್ಯ, ಯಾರೂ ಹೇಳಲ್ಲ. ಹಳೆ ಗೋಂದು ಒಣಗಿ ಚೀಟಿ ಮೂಲೆ ಎದ್ದಿರುತ್ತದೆ, ಅಥವಾ ಯಾರೋ ಪುಣ್ಯಾತ್ಮರು ಒಂದರ ಮೇಲೊಂದು ಮೂರು ಚೀಟಿ ಅಂಟಿಸಿರುತ್ತಾರೆ. ಕಾರಿನ ಸೆಟ್ಟಿನ ಬಾಯಿ ಮನೆ ಟೇಪ್ ರೆಕಾರ್ಡರಿನ ಹಾಗಲ್ಲ, ಬಹಳ ಬಿಗಿ. ಒಳಗೆ ಹೋಗುತ್ತದೆ, ವಾಪಸ್ ಬರುವಾಗ ಚೀಟಿ ಮಡಚಿಕೊಂಡು ಅಡ್ಡ ನಿಲ್ಲುತ್ತದೆ. ನಾನು ಬಿಚ್ಚಿದ ಸೆಟ್‌ಗಳಲ್ಲಿ ಎಷ್ಟೋ ಕಡೆ ತಪ್ಪು ಮೆಷಿನ್ನಿನದಲ್ಲ, ಒಂದು ಇಂಚು ಕಾಗದದ್ದು. ಇನ್ನು ಮಲೆನಾಡಿನ ಕಡೆಯಿಂದ ಬಂದ ಕ್ಯಾಸೆಟ್ ಆದರೆ ರೀಲಿನ ಮೇಲೆ ಬಿಳಿ ಬೂಷ್ಟು ಇದೆಯಾ ಅಂತ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಇದ್ದರೆ ಹಾಕಲೇಬೇಡಿ. ಒಂದು ಕ್ಯಾಸೆಟ್ಟಿನ ಬೂಷ್ಟು ಟೇಪಿನಿಂದ ಹಾಡು ಓದುವ ಹೆಡ್ಡಿಗೆ ಹತ್ತಿ ಮುಂದಿನ ಹತ್ತು ಕ್ಯಾಸೆಟ್ಟಿಗೂ ಹಂಚುತ್ತದೆ.

ಹಾಕುವಾಗ, ಟೇಪು ಕಾಣುವ ಬಾಯಿ ಬಹುತೇಕ ಸೆಟ್‌ಗಳಲ್ಲಿ ಬಲಕ್ಕೆ ಬರಬೇಕು. ಒಂದು ಬೆರಳಿಂದ ತಳ್ಳಿದರೆ ಉಳಿದದ್ದನ್ನು ಸೆಟ್ಟೇ ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಲಿಲ್ಲ ಅಂದರೆ ಹೆಬ್ಬೆರಳು ಹಾಕಿ ತುರುಕಬೇಡಿ, ಏನೋ ಅಡ್ಡ ಇದೆ ಅಂತ ಅರ್ಥ. ಕ್ಯಾಸೆಟ್ ಕೂತ ತಕ್ಷಣ ರೇಡಿಯೋ ತಾನೇ ನಿಂತು ಹಾಡು ಶುರುವಾಗುತ್ತದೆ, ಪ್ಲೇ ಅಂತ ಬೇರೆ ಬಟನ್ನೇ ಬಹುತೇಕ ಇರಲ್ಲ. ನಿಮ್ಮ ಲೇಖನದಲ್ಲಿ 'ಪ್ಲೇ ಬಟನ್ ಒತ್ತಿ' ಅಂತ ಇತ್ತು, ಅದಕ್ಕೇ ಅನುಮಾನ ಬಂತು ನನಗೆ, ಬರೆದವರು ಕಾರಿನ ಸೆಟ್ ಮುಟ್ಟಿದ್ದಾರೋ ಇಲ್ಲವೋ ಅಂತ.

ಟೇಪನ್ನು ಮುಂದಕ್ಕೆ, ಹಿಂದಕ್ಕೆ ಓಡಿಸುವ ಎರಡು ಬಾಣದ ಬಟನ್ ಇರುತ್ತವಲ್ಲ, ಅದರ ವಿಷಯದಲ್ಲಿ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಿದ್ದರು. ಒತ್ತಿದರೆ ಅದು ಅಲ್ಲೇ ಕಚ್ಚಿಕೊಂಡು ಟೇಪು ಓಡುತ್ತದೆ. ನಿಲ್ಲಿಸಲು ಇನ್ನೊಂದನ್ನು ಅರ್ಧ ಒತ್ತಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ಆಟೋ ರಿವರ್ಸ್ ಸೆಟ್‌ನಲ್ಲಿ ಸೈಡ್ ಬದಲಾಗುತ್ತದೆ. ಈಗ ಇಲ್ಲೊಂದು ತಮಾಷೆ ಇದೆ. ಸೈಡ್ ಬದಲಾದ ಮೇಲೆ ಟೇಪು ಉಲ್ಟಾ ಓಡುತ್ತಿರುತ್ತದೆ, ಹಾಗಾಗಿ ಎಷ್ಟೋ ಸೆಟ್‌ಗಳಲ್ಲಿ ಮುಂದೆ ಓಡಿಸುವ ಬಟನ್ನು ಹಿಂದೆ ಓಡಿಸುತ್ತದೆ, ಹಿಂದಿನದು ಮುಂದೆ. ಯಾವ ಬಾಣದ ದೀಪ ಹತ್ತಿದೆಯೋ ಅದೇ ಕಡೆಯ ಬಟನ್ ಒತ್ತಿದರೆ ಮುಂದೆ ಹೋಗುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು. ಒಬ್ಬ ಸಾಹುಕಾರರು ಸೆಟ್ಟು ಕೆಟ್ಟಿದೆ ಅಂತ ನಾಲ್ಕು ಸಲ ಬಂದಿದ್ದರು, ನಾಲ್ಕನೇ ಸಲ ಅವರ ಪಕ್ಕ ಕೂತು ಅರಸೀಕೆರೆವರೆಗೆ ಹೋಗಿ ಬಂದ ಮೇಲೆ ಗೊತ್ತಾಯಿತು, ಕೆಟ್ಟಿದ್ದು ಸೆಟ್ಟಲ್ಲ ಅಂತ.

ಎಂಟಿಎಲ್ ಅಂತ ಇನ್ನೊಂದು ಬಟನ್, ಮೆಟಲ್ ಟೇಪಿಗೆ ಅಂತ ಇದ್ದದ್ದು. ನಮ್ಮಲ್ಲಿ ಮಾರಾಟವಾದ ಭಕ್ತಿಗೀತೆ, ಭಾವಗೀತೆ, ಸಿನಿಮಾ ಹಾಡು, ತಾಳಮದ್ದಲೆ ಎಲ್ಲ ಸಾಮಾನ್ಯ ಟೇಪಿನವೇ, ಅದರ ಅಗತ್ಯವೇ ಇರಲಿಲ್ಲ. ಆದರೂ ಒತ್ತುತ್ತಿದ್ದರು. ಒತ್ತಿದರೆ ಸುಯ್ ಅನ್ನುವ ಸದ್ದು ಕಡಿಮೆಯಾಗುತ್ತಿತ್ತು, ಜೊತೆಗೆ ತಂಬೂರಿ ತಾಳ ಎಲ್ಲವೂ ಮಂಕಾಗುತ್ತಿತ್ತು. ಸುಯ್ ಸದ್ದು ತಗ್ಗಿಸಲೆಂದೇ ಇದ್ದ ಡಾಲ್ಬಿ ಬಟನ್ ಕಥೆಯೂ ಇದೇ. ಬಿಟ್ಟುಬಿಡಿ.

ಈಗ ಅತಿ ಮುಖ್ಯವಾದದ್ದು. ಕೀ ತಿರುಗಿಸಿ ಇಂಜಿನ್ ಆಫ್ ಮಾಡುವ ಮೊದಲು ಕ್ಯಾಸೆಟ್ ಹೊರಗೆ ತೆಗೆಯಿರಿ. ಯಾಕೆ ಅಂದರೆ, ಸೆಟ್ಟಿಗೆ ಬರುವ ಎರಡು ವೈರಿನಲ್ಲಿ ಹಳದಿ ಯಾವಾಗಲೂ ಬ್ಯಾಟರಿಗೆ ಸೇರಿರುತ್ತದೆ, ಗಡಿಯಾರ, ಸ್ಟೇಷನ್ ನೆನಪಿಡಲಿಕ್ಕೆ. ಕೆಂಪು ಮಾತ್ರ ಕೀ ಮೂಲಕ ಬರುತ್ತದೆ. ಕೀ ತಿರುಗಿಸಿದ ಕೂಡಲೇ ಕೆಂಪಿನಲ್ಲಿ ಕರೆಂಟ್ ಹೋಯಿತು, ಮೋಟರು ನಿಂತಿತು. ಆದರೆ ರಬ್ಬರ್ ರೋಲರು ಪಿನ್ನಿಗೆ ಒತ್ತಿಕೊಂಡೇ ನಿಂತಿರುತ್ತದೆ. ಒಳ್ಳೆ ಸೆಟ್‌ಗಳು ಕರೆಂಟ್ ಹೋದ ತಕ್ಷಣ ರೋಲರ್ ಬಿಡಿಸಿಕೊಳ್ಳುತ್ತಿದ್ದವು, ಅಗ್ಗದವು ಇಲ್ಲ. ರಾತ್ರಿಯೆಲ್ಲ ಹಾಗೇ ಒತ್ತಿಕೊಂಡಿದ್ದರೆ ರಬ್ಬರಿನ ಮೇಲೆ ಒಂದು ಕುಳಿ ಬೀಳುತ್ತದೆ, ಟೇಪಿನ ಮೇಲೂ ಗೆರೆ ಬೀಳುತ್ತದೆ. ಮರುದಿನದಿಂದ ಹಾಡು ಅಲೆಅಲೆಯಾಗಿ ಕೇಳುತ್ತದೆ. ಎರಡು ವರ್ಷ ಗದ್ದೆ ಬದಿ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಕ್ಯಾಸೆಟ್ ಒಳಗೇ ಇದ್ದರೆ ಏನಾಗಿರುತ್ತದೆ ನೀವೇ ಊಹಿಸಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವಾಗ ಕೂಡ, ಸ್ಟಾರ್ಟರ್ ಮೋಟರು ಬ್ಯಾಟರಿಯನ್ನು ಹೀರುವ ಆ ಎರಡು ಸೆಕೆಂಡು ಸೆಟ್ಟಿನ ಮೋಟರು ತಡವರಿಸುತ್ತದೆ. ಇಂಜಿನ್ ನಿಂತ ಮೇಲೆ ಕ್ಯಾಸೆಟ್ ಒಳಗೆ ಬೇಡ, ಇಂಜಿನ್ ಶುರುವಾಗುವ ಮೊದಲೂ ಬೇಡ.

ಕ್ಲೀನಿಂಗ್ ಬಗ್ಗೆ ನಿಮ್ಮವರು ಬರೆದೇ ಇಲ್ಲ. ಟೇಪಿನ ಮೇಲಿರುವುದು ಕಂದು ಬಣ್ಣದ ಕಬ್ಬಿಣದ ಪುಡಿ, ತುಕ್ಕಿನ ಸಂಬಂಧಿಯೇ. ಅದು ಉದುರಿ ಹೆಡ್ಡಿಗೆ, ಪಿನ್ನಿಗೆ, ರೋಲರಿಗೆ ಮೆತ್ತಿಕೊಳ್ಳುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ, ಸೆಟ್ಟಿನ ಬಾಯಿ ಒಳಗೆ ಹಾಕಿ ಮೆಲ್ಲಗೆ ಒರೆಸಬೇಕು, ಹತ್ತಿ ಬಿಳಿಯಾಗೇ ಹೊರಗೆ ಬರುವವರೆಗೆ. ಪೆಟ್ರೋಲು, ಥಿನ್ನರು ಬೇಡ, ರಬ್ಬರು ಹಾಳಾಗುತ್ತದೆ. ಸೆಂಟು ಹಾಕಿ ಒರೆಸಿದವರೂ ಇದ್ದಾರೆ. ಕಾರು ಘಮಘಮ, ಸೆಟ್ಟು ಗೋವಿಂದ.

ಆಮೇಲೆ ಕ್ಯಾಸೆಟ್ ಇಡುವ ಜಾಗ. ಮಾರುತಿ 800ನಲ್ಲಿ ಹಿಂದಿನ ಗಾಜಿನ ಕೆಳಗೆ ಒಂದು ಹಲಗೆ ಇರುತ್ತಿತ್ತಲ್ಲ, ಅದರಲ್ಲಿ ನಾವು ಎರಡು ದೊಡ್ಡ ಮೊಟ್ಟೆಯಾಕಾರದ ಸ್ಪೀಕರ್ ಕೂರಿಸುತ್ತಿದ್ದೆವು. ಜನ ಸರಿಯಾಗಿ ಅದರ ಮೇಲೇ ಕ್ಯಾಸೆಟ್ ಜೋಡಿಸಿಡುತ್ತಿದ್ದರು. ಮೇಲಿಂದ ಬಿಸಿಲು, ಕೆಳಗಿಂದ ಅಷ್ಟು ದೊಡ್ಡ ಆಯಸ್ಕಾಂತ. ಟೇಪಿನಲ್ಲಿ ಹಾಡು ಉಳಿದಿರೋದೇ ಆಯಸ್ಕಾಂತದ ಗುರುತಾಗಿ, ಅದರ ಪಕ್ಕದಲ್ಲೇ ಇನ್ನೊಂದು ಆಯಸ್ಕಾಂತ ಇಟ್ಟರೆ? ಆರು ತಿಂಗಳಿಗೆ ಹಾಡು ಮಸುಕಾಗಿ, ಪೆಟ್ಟಿಗೆ ಬಾಳೆಹಣ್ಣಿನ ಸಿಪ್ಪೆ ಹಾಗೆ ಬಗ್ಗಿ, ಕೊನೆಗೆ ಬೈಗುಳ ಮಾತ್ರ ನಮಗೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಲೇಖಕರ ಜೊತೆ ನಾನೂ ಸೇರುತ್ತೇನೆ. ಆ ಸೆಟ್ಟನ್ನು ನಡೆಸಲು ಕಣ್ಣು ಬೇಕಿರಲಿಲ್ಲ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ, ರಾತ್ರಿ, ಮಂಜಿನಲ್ಲಿ, ಧರ್ಮಸ್ಥಳಕ್ಕೆ ಹೋಗುವ ಟ್ಯಾಕ್ಸಿಯವರು ರಸ್ತೆಯಿಂದ ಕಣ್ಣು ಕೀಳದೆ ಕ್ಯಾಸೆಟ್ ತಿರುಗಿಸಿ ಹಾಕುತ್ತಿದ್ದರು. ಯಾವ ಗುಂಡಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಿತ್ತು. ಈಗ ನಾನು ಟಚ್ ಸ್ಕ್ರೀನ್ ಕೂರಿಸುತ್ತೇನೆ, ಹೊಟ್ಟೆಪಾಡು, ಆದರೆ ಗಾಡಿ ಓಡಿಸುವಾಗ ಅದನ್ನು ಮುಟ್ಟಲು ನನಗೇ ಭಯ. ಸ್ವೀಡನ್ನಿನ 'ವಿ ಬಿಲೇಗರೆ' ಅನ್ನುವ ಕಾರು ಪತ್ರಿಕೆಯವರು 2022ರಲ್ಲಿ ಒಂದು ಪರೀಕ್ಷೆ ಮಾಡಿದ್ದನ್ನು ಮಗ ತೋರಿಸಿದ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ರೇಡಿಯೋ ಸ್ಟೇಷನ್ ಬದಲಿಸುವುದು, ಸೀಟಿನ ಹೀಟರ್ ಹಾಕುವುದು ಇಂಥ ನಾಲ್ಕು ಕೆಲಸ ಹೇಳಿದ್ದರು. ಗುಂಡಿಗಳಿರುವ 2005ರ ವೋಲ್ವೋದಲ್ಲಿ ಹತ್ತು ಸೆಕೆಂಡಿಗೆ ಮುಗಿಯಿತು, ಕಾರು ಅಷ್ಟರಲ್ಲಿ 306 ಮೀಟರ್ ಹೋಗಿತ್ತು. ಸ್ಕ್ರೀನ್ ಇರುವ ಒಂದು ಹೊಸ ಕಾರಿನಲ್ಲಿ 44 ಸೆಕೆಂಡಿಗಿಂತ ಜಾಸ್ತಿ, 1,372 ಮೀಟರ್. ಒಂದೂಕಾಲು ಕಿಲೋಮೀಟರಿಗಿಂತಲೂ ಹೆಚ್ಚು ದೂರ ಕಣ್ಣು ಅತ್ತಿತ್ತ ಓಡಾಡುತ್ತಿತ್ತು ಅಂತಾಯಿತು. ಅಮೆರಿಕದಲ್ಲಿ ಕಂಪನಿಯಿಂದಲೇ ಕ್ಯಾಸೆಟ್ ಸೆಟ್ ಹಾಕಿ ಮಾರಿದ ಕೊನೆಕೊನೆಯ ಕಾರುಗಳಲ್ಲಿ 2010ರ ಲೆಕ್ಸಸ್ ಒಂದಂತೆ, ದುಬಾರಿ ಕಾರು. ಅದನ್ನು ಕೊಂಡವರು ಬೆರಳಿನ ಬೆಲೆ ಗೊತ್ತಿದ್ದವರು ಇರಬೇಕು. ಇರಲಿ, ವಿಷಯಕ್ಕೆ ಬರ್ತೀನಿ.

ಆ ಮೂರು ಕಾರು ಅಂದೆನಲ್ಲ. ಎರಡರಲ್ಲಿ ಇದ್ದದ್ದು ಸಿನಿಮಾ ಹಾಡು. ಹೋದರೆ ಹೋಗಲಿ, ಫೋನಿನಲ್ಲಿ ಸಿಗುತ್ತದೆ. ಮೂರನೆಯದು ಒಬ್ಬ ಟೀಚರಮ್ಮನದು, ಅವರ ತಂದೆಯ 1998ರ ಮಾರುತಿ. ಕಾರನ್ನು ಮಾರಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದಾರೆ. ನಿಮ್ಮ ಲೇಖನ ಓದಿ ಟ್ರಂಕಿನಲ್ಲಿದ್ದ ಒಂದು ಕ್ಯಾಸೆಟ್ ತೆಗೆದು ಹಾಕಿದ್ದಾರೆ. ಅವರ ಅಜ್ಜಿ ರಾಗಿ ಬೀಸುವಾಗಿನ ಪದ ಹೇಳಿದ್ದು, ಸೋಬಾನೆ ಪದ ಹೇಳಿದ್ದು, ಇವರ ಚಿಕ್ಕಪ್ಪ ರೆಕಾರ್ಡ್ ಮಾಡಿಕೊಂಡಿದ್ದು. ಅದೊಂದೇ ಪ್ರತಿ. ಎರಡು ನಿಮಿಷ ಹಾಡಿದೆ, ಆಮೇಲೆ ಎಳೆಯಲು ಶುರುಮಾಡಿದೆ. ಇವರು ಪೇಪರಿನಲ್ಲಿ ಇದ್ದ ಹಾಗೇ, ಬಟನ್ ಒತ್ತಿ ಹಿಡಿದು, ನಿಧಾನಕ್ಕೆ, ಎಳೆದಿದ್ದಾರೆ.

ಅಂಗಡಿಗೆ ಬಂದಾಗ ಒಂದು ಕೈಯಲ್ಲಿ ಕ್ಯಾಸೆಟ್ಟು, ಇನ್ನೊಂದು ಕೈಯಲ್ಲಿ ನಿಮ್ಮ ಪುರವಣಿಯ ಆ ಪುಟ. 'ಅಣ್ಣಾ, ಇದರಲ್ಲಿ ಬರೆದ ಹಾಗೇ ಮಾಡಿದೆ' ಅಂದರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಸೆಟ್ ಬಿಚ್ಚಿದೆ. ರೋಲರಿಗೆ ಒಂದು ಗೇಣಿಗಿಂತ ಜಾಸ್ತಿ ಟೇಪು ಸುತ್ತಿತ್ತು, ಸುತ್ತಿ ಸುತ್ತಿ ಅಂಚು ಮಡಚಿ ಹಗ್ಗವಾಗಿತ್ತು. ಸಂಜೆವರೆಗೆ ಕೂತು ಬಿಡಿಸಿದೆ. ಹಿಗ್ಗಿ ದಾರವಾಗಿದ್ದ ಭಾಗ ಕತ್ತರಿಸಲೇಬೇಕಾಯಿತು. ಅಳೆದು ನೋಡಿದೆ, 19 ಸೆಂಟಿಮೀಟರ್. ಸೆಕೆಂಡಿಗೆ 4.76ರ ಲೆಕ್ಕದಲ್ಲಿ ನಾಲ್ಕು ಸೆಕೆಂಡು. ಉಳಿದ ಎರಡು ತುದಿಯನ್ನು ಓರೆಯಾಗಿ ಕತ್ತರಿಸಿ, ಟೇಪಿಗೇ ಅಂತ ಬರುವ ಪಟ್ಟಿಯಿಂದ ಅಂಟಿಸಿದೆ. ಇನ್ನೂ ಒಂದು ಸುರುಳಿ ನನ್ನ ಹತ್ತಿರ ಇತ್ತು, ಅದೃಷ್ಟ. (ಮಾಮೂಲಿ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಕಾಲಕ್ರಮೇಣ ಹೊರಗೆ ಜಿನುಗಿ ಪಕ್ಕದ ಸುತ್ತಿಗೂ ಹಿಡಿಯುತ್ತದೆ.) ಹಳೆ ಪೆಟ್ಟಿಗೆ ಬಗ್ಗಿತ್ತು, ರೀಲನ್ನು ಬೇರೆ ಪೆಟ್ಟಿಗೆಗೆ ಹಾಕಿದೆ. ಆಮೇಲೆ ಕಾರಿನಲ್ಲಿ ಅಲ್ಲ, ಅಂಗಡಿಯ ಟೇಪ್ ಡೆಕ್ಕಿನಲ್ಲಿ ಹಾಕಿ, ಅದರಿಂದ ವೈರ್ ಎಳೆದು ಮಗನ ಕಂಪ್ಯೂಟರಿಗೆ ಕೊಟ್ಟು, ಆಡಾಸಿಟಿ ಅಂತ ಪುಕ್ಕಟೆ ಸಿಗುವ ಪ್ರೋಗ್ರಾಂ ಇದೆ, ಅದರಲ್ಲಿ ಪೂರ್ತಿ ಇಳಿಸಿದೆವು. ಕೇಳುತ್ತಾ ಕೂತಿದ್ದ ಟೀಚರಮ್ಮ ಅಂಟಿಸಿದ ಜಾಗ ಬಂದಾಗ ಕೈ ಎತ್ತಿದರು. ಒಂದು ಪದ ಮುಗಿದು ಇನ್ನೊಂದು ಶುರುವಾಗುವ ನಡುವೆ ಅಜ್ಜಿ ಹಾಡು ನಿಲ್ಲಿಸಿ ಚಿಕ್ಕಪ್ಪನನ್ನು 'ತಿರುಗ್ತಾ ಇದೆಯೇನೋ ಅದು?' ಅಂತ ಕೇಳಿದ್ದರಂತೆ. ಚಿಕ್ಕವರಿದ್ದಾಗ ಇವರೆಲ್ಲ ಆ ಮಾತಿಗೇ ಕಾದಿದ್ದು ನಗುತ್ತಿದ್ದರಂತೆ. ಹೋಗಿದ್ದು ಅದೇ. ಹಾಡೆಲ್ಲ ಇದೆ.

ನನಗೆ ಬೇಜಾರಾಗಿದ್ದು ನಿಮ್ಮ ಲೇಖಕರ ಮೇಲಲ್ಲ. ನಾನೂ ಹೊಸದರಲ್ಲಿ ಹೀಗೆ ಎಳೆದು ಎಷ್ಟು ಹಾಳು ಮಾಡಿದ್ದೇನೋ, ಮೇಸ್ತ್ರಿ ತಲೆಗೆ ಕುಟ್ಟಿ ಕಲಿಸಿದರು. ಆದರೆ ಆಗ ಹಾಳಾದದ್ದು ಅಂಗಡಿಯಲ್ಲಿ ಇನ್ನೊಂದು ಸಿಗುವ ಕ್ಯಾಸೆಟ್. ಈಗ ಜನ ಅಟ್ಟದಿಂದ ಇಳಿಸುವುದು ಅಂಥದ್ದನ್ನಲ್ಲ. ನಾಮಕರಣದ ದಿನ ಅಪ್ಪ ಮಾತಾಡಿದ್ದು, ದುಬೈಗೆ ಹೋದ ಅಣ್ಣ ಕಾಗದದ ಬದಲು ಮಾತು ತುಂಬಿಸಿ ಕಳಿಸಿದ್ದು, ಊರ ನಾಟಕದಲ್ಲಿ ಮಾವ ಹಾಡಿದ ರಂಗಗೀತೆ, ಇಂಥವು. ಇಂಥ ಕ್ಯಾಸೆಟ್ಟಿಗೆ ಕಾರಿನ ಸೆಟ್ಟಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಒಂದೇ ಪ್ರತಿ ಇದ್ದರೆ ಕಾರಿಗೆ ಹಾಕಲೇಬೇಡಿ. ಚೆನ್ನಾಗಿರುವ ಮನೆ ಟೇಪ್ ಡೆಕ್ಕಿನಲ್ಲಿ, ಮೊದಲು ಬೇಡದ ಒಂದು ಕ್ಯಾಸೆಟ್ ಹಾಕಿ ಎರಡೂ ಸೈಡ್ ಓಡಿಸಿ ನೋಡಿ, ತಿನ್ನಲಿಲ್ಲ ಅಂದರೆ ಮಾತ್ರ ಇದನ್ನು ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮನೆ ಡೆಕ್ಕಿಗೆ ರೆಕಾರ್ಡ್ ಬಟನ್ ಇರುತ್ತದೆ, ಅದಕ್ಕೆ ಹಾಕುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಕೈತಪ್ಪಿ ಬಟನ್ ಒತ್ತಿದರೂ ಅಳಿಸಿಹೋಗಲ್ಲ.

ಕಾರಿನಲ್ಲೇ ಕೇಳಬೇಕು ಅಂತ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಟೀಚರಮ್ಮನಿಗೆ ಅದನ್ನೇ ಮಾಡಿಕೊಟ್ಟೆ. ಕ್ಯಾಸೆಟ್ ಅಡಾಪ್ಟರ್ ಅಂತ ಬರುತ್ತದೆ, ನೋಡಲು ಕ್ಯಾಸೆಟ್ಟಿನ ಹಾಗೇ, ಆದರೆ ಒಳಗೆ ಟೇಪಿಲ್ಲ. ಟೇಪು ಇರಬೇಕಾದ ಜಾಗದಲ್ಲಿ ಒಂದು ಚಿಕ್ಕ ಹೆಡ್ಡು, ಅದರಿಂದ ಹೊರಗೆ ಒಂದು ವೈರು. ವೈರನ್ನು ಫೋನಿಗೆ ಹಾಕಿದರೆ ಫೋನಿನ ಹಾಡು ಆ ಹೆಡ್ಡಿನಿಂದ ಸೆಟ್ಟಿನ ಹೆಡ್ಡಿಗೆ ದಾಟುತ್ತದೆ. ಸೆಟ್ಟು ಪಾಪ, ಟೇಪು ಓಡುತ್ತಿದೆ ಅಂತಲೇ ತಿಳಿದಿರುತ್ತದೆ. ಒಳಗೆ ಎರಡು ಪ್ಲಾಸ್ಟಿಕ್ ಗೇರು ಸುಮ್ನೆ ತಿರುಗುತ್ತಿರುತ್ತವೆ. ಸೆಟ್ಟಿನ ಬೆಲ್ಟು, ರೋಲರು ಬದಲಿಸಿ, ಹೆಡ್ ಒರೆಸಿ ಅದನ್ನು ಹಾಕಿಕೊಟ್ಟೆ. ಈಗ ಅದೇ ಮಾರುತಿಯಲ್ಲಿ, ಅದೇ ತೂತಿನಿಂದ, ಅಜ್ಜಿಯ ಪದ ಬರುತ್ತದೆ. ಹೊರಡುವಾಗ ಕಿವಿಗೊಟ್ಟು ಗೇರಿನ ಕಿರಿಕಿರಿ ಸದ್ದು ಕೇಳಿಸಿಕೊಂಡು 'ತಿರುಗ್ತಾ ಇದೆ ಅಲ್ವಾ ಅಣ್ಣಾ' ಅಂತ ಕೇಳಿದರು. ಹೂಂ ಅಂದೆ.

ಸಂಪಾದಕರೇ, ಕಾಗದ ಉದ್ದವಾಯಿತು, ಕತ್ತರಿಸಿ ಹಾಕುತ್ತೀರಿ ಅಂತ ಗೊತ್ತು. ಏನು ಬೇಕಾದರೂ ಕತ್ತರಿಸಿ, ಆದರೆ ಮುಂದಿನ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಬಾಕ್ಸಿನಲ್ಲಿ, ತಿದ್ದುಪಡಿ ಹಾಕಿ. 'ಎಳೆಯಿರಿ' ಅನ್ನುವುದನ್ನು 'ಎಳೆಯಬೇಡಿ' ಮಾಡಿದರೆ ಸಾಕು. ಅದನ್ನು ಓದುವ ಮೊದಲೇ ಎಳೆದುಬಿಟ್ಟವರು ತುಂಡನ್ನು ಎಸೆಯದೆ ಹಾಗೇ ತನ್ನಿ. ಭಾನುವಾರ ಅಂಗಡಿ ರಜೆ, ಸೋಮವಾರ ಬನ್ನಿ.

ಇಂತಿ ನಿಮ್ಮ ಓದುಗ,
ಒಬ್ಬ ಆಟೋ ಎಲೆಕ್ಟ್ರಿಷಿಯನ್, ತಿಪಟೂರು